ಚಕ್ರಗಳಿಗೆ ಪ್ರವೇಶವಿಲ್ಲ

ಎರಡು ದೊಡ್ಡ ಮಳೆ ಬಿದ್ದು ಹೋದರೂ ಹಳೇ ಕಲ್ಲುಗಣಿಯಲ್ಲಿ ಕಾಸುಕಪ್ಪೆ ಕೂಗಲಿಲ್ಲ.

ಕೂಗಿದ್ದೆಲ್ಲ ಬೇರೆಯವು. ದಪ್ಪ ಗಂಟಲಿನ, ಚರಂಡಿ ಸಿಕ್ಕರೂ ಸಂಸಾರ ಹೂಡುವ ದೊಡ್ಡ ಕಪ್ಪೆಗಳು. ಕಪ್ಪೆಯಕ್ಕ ಹಿಂದೆ ಲಾರಿ ತೂಗುತ್ತಿದ್ದ ಒಡೆದ ಕಟ್ಟೆಯ ಮೇಲೆ ಕೂತು, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, ಬೆಳಕು ಕರಗುವವರೆಗೂ ಕೇಳಿದಳು. ಕಾಸುಕಪ್ಪೆಯದು ಸಣ್ಣ ದನಿ. ಬಾಗಿಲ ಹೊರಗೆ ನಿಂತು ಒಳಗೆ ಬರಲೋ ಬೇಡವೋ ಅಂತ ಕೇಳುವ ನೆಂಟರ ಹಾಗೆ ಕೂಗುತ್ತದೆ. ಮದುವೆಮನೆಯ ಗದ್ದಲದಲ್ಲೂ ಹೆತ್ತವಳಿಗೆ ತನ್ನ ಕೂಸಿನ ಅಳು ಕೇಳುವಂತೆ ಅವಳಿಗೆ ಆ ದನಿ ಕೇಳುತ್ತಿತ್ತು. ಈಗ ಇಲ್ಲ. ಹೋದ ವರ್ಷ ಅಲ್ಲೊಂದು ಇಲ್ಲೊಂದು ಇತ್ತು. ಈ ವರ್ಷ ಪೂರ್ತಿ ಬಾಯಿ ಕಟ್ಟಿತ್ತು.

ಹೆಬ್ಬೆರಳಿನ ಗಾತ್ರದ ಜೀವ ಅದು. ಬೆನ್ನು ಕೆಸರಿನ ಬಣ್ಣ, ಹೊಟ್ಟೆ ಉಜ್ಜಿದ ಹಿತ್ತಾಳೆ ಕಾಸಿನ ಬಣ್ಣ. ಹಿಂದೆ ಹೊಳೆಯ ದಂಡೆಯಲ್ಲಿ ಇತ್ತಂತೆ. ಹೊಳೆಗೆ ಎರಡೂ ಕಡೆ ಕಾಂಕ್ರೀಟ್ ಗೋಡೆ ಎದ್ದ ಮೇಲೆ ಅಲ್ಲಿಂದ ಮಾಯವಾಗಿ, ಉಳಿದದ್ದು ಊರಂಚಿನ ಈ ಕಲ್ಲುಗಣಿಯೊಂದರಲ್ಲೇ. ಸಿಡಿಮದ್ದು, ಜಲ್ಲಿ ಮಾಡುವ ಕ್ರಷರ್, ದೂಳು, ಲಾರಿಗಳ ಸಾಲು, ಇವುಗಳ ನಡುವೆ. ಅದನ್ನು ಮೊದಲು ಹಿಡಿದು ತಂದುಕೊಟ್ಟವನು ಅವಳ ತಮ್ಮ. ಅಲ್ಲೇ ಜಲ್ಲಿ ಲಾರಿ ಓಡಿಸುತ್ತಿದ್ದ. "ತಗೋ, ನಿನ್ನ ಬಳಗ" ಅಂತ ನೀರಿನ ಬಾಟಲಿಯಲ್ಲಿ ಹಾಕಿ ತಂದಿದ್ದ. ಆ ಬಾಟಲಿಯಿಂದಲೇ ಅವಳಿಗೆ ತಾನು ಕಪ್ಪೆಗಳ ಅಧ್ಯಯನ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯಲ್ಲಿ ಹೆಸರು ಬಂತು, ಗಲ್ಲಿಯಲ್ಲಿ ಕಪ್ಪೆಯಕ್ಕ ಅನ್ನುವ ಅಡ್ಡಹೆಸರೂ ಬಂತು.

ಆ ಕಪ್ಪೆಗಾಗಿಯೇ ಅವಳು ಗಣಿ ಮುಚ್ಚಿಸಿದಳು. ಎರಡು ಮಳೆಗಾಲ ಬೆಳಬೆಳಗ್ಗೆ ಹೋಗಿ, ಲಾರಿ ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾದ ಕಾಸುಕಪ್ಪೆಗಳನ್ನು ಕೆರೆದು ಕೆರೆದು ಚೀಲ ತುಂಬಿಸಿದ್ದಳು. ವಿಚಾರಣೆಯ ದಿನ ಚೀಲವನ್ನು ಅಧಿಕಾರಿಗಳ ಮೇಜಿನ ಮೇಲೆ ಸುರಿದಳು. ಒಣಗಿ ಚರ್ಮದ ಬಿಲ್ಲೆಗಳಾಗಿದ್ದವು. ಒಬ್ಬರು ನೀರಿನ ಲೋಟ ಪಕ್ಕಕ್ಕೆ ಸರಿಸಿಕೊಂಡರು, ಅಷ್ಟೇ. ಗಣಿಗೆ ಬೀಗ ಬಿತ್ತು, ಗೇಟಿಗೆ ಹಲಗೆ ಬಿತ್ತು: 'ಸಂರಕ್ಷಿತ ಪ್ರದೇಶ. ಚಕ್ರಗಳಿಗೆ ಪ್ರವೇಶವಿಲ್ಲ.' ಆ ಮಾತು ಅವಳದೇ. 'ವಾಹನಗಳಿಗೆ' ಅಂತಿದ್ದದ್ದನ್ನು ಅವಳೇ ತಿದ್ದಿಸಿದ್ದಳು, ನಾಳೆ ಯಾರಾದರೂ ಕೈಗಾಡಿ ವಾಹನವಲ್ಲ ಅಂತ ವಾದ ಹೂಡಬಾರದು ಅಂತ.

ಗಣಿಯ ಮಾಲೀಕ ಬೇರೆ ಗುಡ್ಡ ಹುಡುಕಿಕೊಂಡು ಹೋದ. ಹಣವಂತನಿಗೆ ಗುಡ್ಡಕ್ಕೇನು ಬರ? ಕಲ್ಲು ಒಡೆಯುವವರು, ಲಾರಿಯವರು ಇಲ್ಲೇ ಉಳಿದರು. ತಮ್ಮ ಅವತ್ತಿನಿಂದ ಅಕ್ಕನ ಮನೆಯ ಹೊಸಲು ತುಳಿದಿಲ್ಲ.

ಗಣಿ ಮಾತ್ರ ಹಸಿರಾಯಿತು. ಲಾರಿ ಓಡಾಡಿದ ದಾರಿಯ ಮೇಲೆ ಹುಲ್ಲು ಬಂತು, ಹುಲ್ಲಿನ ಮೇಲೆ ಪೊದೆ ಬಂತು. ಸಂಸ್ಥೆಯವರು ನಡುವೆ ಒಂದು ಅಂದದ ಕೊಳ ತೋಡಿಸಿ ನೀರುಗಿಡ ನೆಟ್ಟರು. ದೂರದಿಂದ ಜನ ನೋಡಲು ಬಂದು ಮೂಗಿನ ಮೇಲೆ ಬೆರಳಿಟ್ಟರು. ಕಪ್ಪೆಯಕ್ಕನೂ ಹಿಗ್ಗಿದಳು. ಸುಳ್ಳು ಹೇಳಬಾರದು, ಬೀಗುತ್ತಿದ್ದಳು ಕೂಡ.

ಈಗ ಆ ಹಸಿರಿನ ನಡುವೆ ಕೂತು ಅವಳಿಗೆ ಚಳಿ ಹತ್ತಿತು.

ಮರುದಿನ ಬೆಳಗ್ಗೆ ಮೂಲೆ ಮೂಲೆ ಹುಡುಕಿದಳು. ಕೊಳದಲ್ಲಿ ದೊಡ್ಡ ಕಪ್ಪೆಗಳು, ಏರೋಪ್ಲೇನ್ ಚಿಟ್ಟೆಯ ಮರಿಹುಳಗಳು. ಕಾಸುಕಪ್ಪೆ ಅಲ್ಲಿ ಮೊಟ್ಟೆ ಇಟ್ಟರೆ ಅದು ಇಟ್ಟ ಹಾಗೂ ಅಲ್ಲ, ಅವಕ್ಕೆ ಊಟ ಬಡಿಸಿದ ಹಾಗೆ. ಹಳೇ ಲಾರಿ ದಾರಿಯಲ್ಲಿ ಗುಂಡಿಗಳೆಲ್ಲ ಹೂಳು ತುಂಬಿ, ಬೇರು ಹೊಕ್ಕು, ನೀರು ನಿಲ್ಲುತ್ತಿರಲಿಲ್ಲ. ಸೋತು ಆ ತುದಿಗೆ, ತೂಕದ ಕಟ್ಟೆಗೆ ದನಿ ಮುಟ್ಟದಷ್ಟು ದೂರದಲ್ಲಿ ಕ್ರಷರ್ ಇದ್ದ ಜಾಗಕ್ಕೆ ಬಂದಾಗ ಕಾಲಡಿಯಲ್ಲಿ ಏನೋ ಮಿಣಮಿಣ ಅಂತು.

ಅಲ್ಲಿ ಎರಡು ಉದ್ದನೆಯ ಗುಂಡಿ. ಹೋದ ತಿಂಗಳು ಯಾರೋ ದೊಡ್ಡ ಅತಿಥಿಗಳಿಗೆ ನಡೆಯಲಾಗುವುದಿಲ್ಲ ಅಂತ ನಿರ್ದೇಶಕರು ಒಂದು ದಿನದ ಮಟ್ಟಿಗೆ ಸಂಸ್ಥೆಯ ಜೀಪು ಬಿಡಿಸಿದ್ದರು. ಅದು ಕೆಸರಲ್ಲಿ ಹೂತು, ಚಕ್ರ ಗರಗರ ತಿರುಗಿ, ಗೋಣಿಚೀಲ ಹಾಕಿ ನೂಕಿ ತೆಗೆಯಬೇಕಾಗಿತ್ತು. ಅವತ್ತು ಕಪ್ಪೆಯಕ್ಕ ಡ್ರೈವರನ ಏಳು ತಲೆಮಾರು ಜಾಲಾಡಿದ್ದಳು. ಈಗ ಆ ಜೀಪಿನ ಚಕ್ರದ ಗುಂಡಿಗಳಲ್ಲಿ ಬೆರಳುದ್ದ ನೀರು, ನೀರಿನ ತುಂಬ ಕಾಸುಕಪ್ಪೆಯ ಮೊಟ್ಟೆ, ಸಾಸಿವೆ ಚೆಲ್ಲಿದ ಹಾಗೆ ಗೊದಮೊಟ್ಟೆ ಮರಿ.

ಅವಳು ಮಂಡಿಯೂರಿ ನೀರಿಗೆ ಬೆರಳಿಟ್ಟಳು. ಬೆಚ್ಚಗಿತ್ತು. ನೆರಳಿಲ್ಲ, ಗಿಡವಿಲ್ಲ, ತಿನ್ನುವ ಹುಳವಿಲ್ಲ. ತಳದ ಮಣ್ಣು ಸಿಮೆಂಟಿನ ಹಾಗೆ ಗಟ್ಟಿ. ಇಂಥದ್ದೇ ಬೇಕಾಗಿತ್ತು ಅವಕ್ಕೆ. ಹಿಂದೆ ಪ್ರತಿ ನೆರೆಗೂ ಹೊಳೆ ದಂಡೆಯನ್ನು ಕೊರೆದು ಹೊಸ ಗುಂಡಿ ಮಾಡಿಕೊಡುತ್ತಿತ್ತು. ಹೊಳೆಯನ್ನು ಗೋಡೆಯೊಳಗೆ ಕೂಡಿಹಾಕಿದ ಮೇಲೆ ಆ ಕೆಲಸವನ್ನು ಲಾರಿಗಳು ಮಾಡುತ್ತಿದ್ದವು. ಚಕ್ರ ಹತ್ತನ್ನು ಕೊಲ್ಲುತ್ತಿತ್ತು, ಸಾವಿರಕ್ಕೆ ತೊಟ್ಟಿಲು ಕಟ್ಟುತ್ತಿತ್ತು. ಅವಳು ಸತ್ತದ್ದನ್ನು ಚೀಲ ತುಂಬಿಸಿದಳು. ಹುಟ್ಟುವುದು ಎಲ್ಲಿ ಅಂತ ಬಗ್ಗಿ ನೋಡಲಿಲ್ಲ. ಇಷ್ಟು ಓದಿದವಳಿಗೆ ಹೆಣ ಕಂಡಿತು, ಹೆರಿಗೆಮನೆ ಕಾಣಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೆ. ಗುದ್ದಲಿ ಹಿಡಿದು ತಾನೇ ಗುಂಡಿ ತೋಡಿ ನೋಡಿದಳು. ಸಂಜೆ ತುಂಬಿದ ನೀರು ಬೆಳಗ್ಗೆ ಇಂಗಿಹೋಗಿತ್ತು. ಕೈಯಲ್ಲಾಗುವ ಕೆಲಸ ಅಲ್ಲ. ಭಾರ ಬೇಕು. ನೆಲವನ್ನು ಹತ್ತಾರು ಸಲ ತುಳಿಯುವ ಭಾರ.

ನಿರ್ದೇಶಕರ ಕೋಣೆಯ ಗೋಡೆಯ ಮೇಲೆ ಕಾಸುಕಪ್ಪೆಯ ದೊಡ್ಡ ಫೋಟೋ ಇತ್ತು, ಎಮ್ಮೆಯಷ್ಟು ದೊಡ್ಡದು.

"ಸರ್, ಲಾರಿ ಬೇಕು" ಅಂದಳು.

"ಮನೆ ಖಾಲಿ ಮಾಡ್ತಿದ್ದೀರಾ?"

ಅವಳು ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಲಾರಿ ಕಪ್ಪೇನ ಕೊಲ್ಲುತ್ತೆ ಅಂದಿದ್ದು ಯಾರು? ನೀವು. ಲಾರಿ ಇಲ್ದಿದ್ರೆ ಕಪ್ಪೆ ಸಾಯುತ್ತೆ ಅನ್ನೋದು ಯಾರು? ಅದೂ ನೀವೇ. ನಾನು ಯಾವ ಮೇಡಂನ ನಂಬ್ಲಿ?"

"ಎರಡೂ ನಿಜ ಸರ್."

"ಎರಡು ನಿಜ ಇಟ್ಕೊಂಡು ಸಂಸ್ಥೆ ನಡೆಸೋಕಾಗಲ್ಲಮ್ಮ. ಇದು ಮಾದರಿ ಜಾಗ ಅಂತ ಎಲ್ಲ ಕಡೆ ಹೇಳ್ಕೊಂಡು ಬಂದಿದ್ದೀವಿ. ಎರಡು ವರ್ಷ ಅಧ್ಯಯನ ಮಾಡಿ, ಬರೀರಿ, ಸಮಿತಿ ಮುಂದೆ ಇಡೋಣ."

"ಆ ಜೀಪಿನ ಗುಂಡಿ ಬಿಟ್ರೆ ಮೂರು ಮಳೆಗಾಲದಿಂದ ಎಲ್ಲೂ ಮರಿ ಆಗಿಲ್ಲ. ಇರೋವೆಲ್ಲ ಮುದುಕ ಮುದುಕಿ. ಎರಡು ವರ್ಷ ಆದ್ಮೇಲೆ ಉಳಿಯೋದು ಈ ಫೋಟೋ ಒಂದೇ."

"ಫೋಟೋ ಚೆನ್ನಾಗಿ ಬಂದಿದೆ" ಅಂದರು ಅವರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ.

ಇನ್ನು ಉಳಿದದ್ದು ಒಂದೇ ಮನೆ.

ತಮ್ಮನ ಮನೆಯ ಮುಂದೆ ಲಾರಿ ಕಲ್ಲುಗಳ ಮೇಲೆ ನಿಂತಿತ್ತು. ಟೈರುಗಳನ್ನು ಮಾರಿ ಆಗಿತ್ತು. ಕ್ಯಾಬಿನ್ನಿನಿಂದ ಕಿಟಕಿಗೆ ಹಗ್ಗ ಕಟ್ಟಿ ತಮ್ಮನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು.

"ಬನ್ನಿ ಅತ್ತಿಗೆ. ದಾರಿ ತಪ್ಪಿದ್ರಾ?"

"ಅವನಿದ್ದಾನಾ?"

"ಇರದೆ ಎಲ್ಲಿಗೆ ಹೋಗ್ತಾರೆ? ಯಾರದೋ ನೀರಿನ ಟ್ಯಾಂಕರ್ ಓಡಿಸ್ತಾರೆ ಈಗ. ಅದಕ್ಕೂ ಏನಾದ್ರೂ ಕಪ್ಪೆಗಿಪ್ಪೆ ಅಡ್ಡ ಬಂತಾ?"

ತಮ್ಮ ಬಾಗಿಲಿಗೆ ಬಂದು ನಿಂತ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವಳು ನಿಂತಲ್ಲೇ ಹೇಳಿದಳು. ಅವನು ಕೇಳುತ್ತ ಕೇಳುತ್ತ ಮೆಟ್ಟಿಲ ಮೇಲೆ ಕುಸಿದು ಕೂತ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹೆಂಡತಿ ಒದ್ದೆ ಸೀರೆ ಕೈಯಲ್ಲಿ ಹಿಡಿದು ಗಂಡನನ್ನೇ ನೋಡುತ್ತ ನಿಂತಳು.

"ಅಂದ್ರೆ ನಾವು ಓಡಾಡ್ತಿದ್ವಲ್ಲ, ಅದರಿಂದಾನೇ ಅವು ಇದ್ದಿದ್ದು?"

"ಹೂಂ."

"ನಂಗೂ ಗೊತ್ತಿರಲಿಲ್ಲ ಬಿಡು. ಗೊತ್ತಿದ್ದಿದ್ರೆ ನಿನ್ನ ಕಾಲು ಹಿಡಿದು ಹೇಳ್ತಿದ್ದೆ." ಕಣ್ಣು ಒರೆಸಿಕೊಂಡ. "ಟ್ಯಾಂಕರ್ ತರ್ತೀನಿ. ಆದ್ರೆ ಈ ಮಾತು ನನ್ನ ಬಾಗಿಲಲ್ಲಿ ಹೇಳಿದ್ರೆ ಸಾಲದು. ಬೆಳಗ್ಗೆ ಕೂಲಿಯವರು ನಿಲ್ಲೋ ಸರ್ಕಲ್‌ಗೆ ಬಂದು ಹೇಳು. ಅವರೆಲ್ಲರ ಮುಂದೆ."

ಅವಳು ಹೋದಳು. ಗಣಿ ಮುಚ್ಚಿದ ಮೇಲೆ ಆ ಜನವೆಲ್ಲ ದಿನಾ ಬೆಳಗ್ಗೆ ಸರ್ಕಲ್ಲಿನಲ್ಲಿ, ಯಾರಾದರೂ ಕೆಲಸಕ್ಕೆ ಕರೆದಾರೆ ಅಂತ ಸುತ್ತಿಗೆ, ಬಾಂಡಲಿ ಕಾಲಬುಡದಲ್ಲಿಟ್ಟುಕೊಂಡು ನಿಲ್ಲುತ್ತಿದ್ದರು. ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡಿದವಳಿಗೆ ಅಲ್ಲಿ ನಾಲಿಗೆ ಹೊರಳಲಿಲ್ಲ. ಲಾರಿ ನಿಂತದ್ದರಿಂದಲೇ ಕಪ್ಪೆ ಅಳಿಯುತ್ತಿದೆ, ತಪ್ಪು ನನ್ನದು ಅಂತ ಹೇಗೋ ಹೇಳಿ ಮುಗಿಸಿದಳು.

"ಹಾಗಾದ್ರೆ ಗಣಿ ತೆಗೀತಾರಾ?" ಅಂತ ಒಬ್ಬ ಕೇಳಿದ.

"ಇಲ್ಲ. ಮಾಲೀಕ ಬೇರೆ ಕಡೆ ಹೋಗಿದ್ದಾನೆ. ತೆಗಿಯಲ್ಲ."

"ಮತ್ತೆ ನಮಗ್ಯಾಕೆ ಹೇಳೋಕೆ ಬಂದೆ ತಾಯಿ? ಹೊತ್ತು ಹೋಗಲಿಲ್ವಾ?"

ಕಲ್ಲು ಒಡೆದು ಒಡೆದು ಬೆರಳು ಸೊಟ್ಟಗಾದ ಮುದುಕಿಯೊಬ್ಬಳು ಮುಂದೆ ಬಂದು ಅವಳ ಗಲ್ಲ ಹಿಡಿದಳು, ಮಗುವಿನ ಗಲ್ಲ ಹಿಡಿದ ಹಾಗೆ. "ನಮ್ಮನ್ನ ಓಡಿಸಿದ್ದು ಕಪ್ಪೆಗೋಸ್ಕರ ಅಂದೆ. ಹೋಗ್ಲಿ, ಒಂದು ಜೀವ ಆದ್ರೂ ತಣ್ಣಗಿರುತ್ತೆ ಅಂತ ನಾನು ನಿನ್ನ ಬೈದಿರಲಿಲ್ಲ ಕಣೇ. ಈಗ ಅದೂ ಇಲ್ಲ ಅಂತೀಯ. ಬದುಕಿದ್ದು ಯಾರು ಹೇಳು?"

ಅಷ್ಟರಲ್ಲಿ ಯಾವನೋ ಮೇಸ್ತ್ರಿ ಬಂದು ನಾಲ್ಕು ಆಳು ಬೇಕು ಅಂದ. ಎಲ್ಲರೂ ಅತ್ತ ಓಡಿದರು. ಮುದುಕಿಯೂ.

ಮರುದಿನ ಬೆಳಕು ಹರಿಯುವಾಗ ಟ್ಯಾಂಕರ್ ಬಂತು, ತುಂಬಿದ ನೀರಿನೊಂದಿಗೆ. ಭಾರ ಇದ್ದಷ್ಟೂ ಒಳ್ಳೇದು ಅಂತ ತಮ್ಮನೇ ತುಂಬಿಸಿದ್ದ. ಗೇಟು ಕಾಯುತ್ತಿದ್ದದ್ದು ಮದ್ದಿನ ತಾತ. ಗಣಿಯಲ್ಲಿ ಸಿಡಿಮದ್ದು ಇಟ್ಟೂ ಇಟ್ಟೂ ಕಿವಿ ಹೋಗಿತ್ತು.

"ತೆಗಿ ತಾತ!" ಕಪ್ಪೆಯಕ್ಕ ಕೂಗಿದಳು.

"ಏನ್ ತೆಗೀಲಿ? ಹಲಗೆನಾ?"

"ಗೇಟು! ಗೇಟು ತೆಗಿ!"

"ಚಕ್ರ ಇದೆಯಲ್ಲಮ್ಮ ಇದಕ್ಕೆ." ತಾತ ಟ್ಯಾಂಕರನ್ನು ಸುತ್ತು ಹಾಕಿ, ಪ್ರತಿ ಚಕ್ರವನ್ನೂ ಬೆತ್ತದಿಂದ ತಟ್ಟಿ ನೋಡಿ ಬಂದ. "ಮೊನ್ನೆ ನನ್ನ ಮೊಮ್ಮಗಳ ಆಟದ ಗಾಡಿ ಬಿಡಲಿಲ್ಲ ನೀವು. ಇರಲಿ. ಮುಚ್ಚು ಅಂದೋರೂ ನೀವೇ, ತೆಗಿ ಅನ್ನೋರೂ ನೀವೇ. ನಂಗೇನು, ಬೀಗ ಒಂದೇ."

ಒಳಗೆ ಹೋಗುತ್ತಲೇ ಕಪ್ಪೆಯಕ್ಕ ಬಕೆಟ್ ಹಿಡಿದು ಟ್ಯಾಂಕರಿನ ಮುಂದೆ ನಡೆದಳು. ಬಗ್ಗಿ ಬಗ್ಗಿ ಹುಲ್ಲು ಸರಿಸಿ, ಸಿಕ್ಕ ಕಪ್ಪೆಯನ್ನು ಬಕೆಟ್ಟಿಗೆ ಹಾಕುವುದು, ಕೈ ಬೀಸುವುದು, ಟ್ಯಾಂಕರ್ ಅಷ್ಟು ದೂರ ಬರುವುದು. ಹಿಂದೆ ಸರಿಯುವುದು, ಮತ್ತೆ ಬರುವುದು. ಹುಲ್ಲು ಹರಿದು, ಪೊದೆ ಮುರಿದು, ಕೆಂಪು ಮಣ್ಣು ಮೇಲೆ ಬಂತು. ತಮ್ಮನಿಗೆ ಹಳೇ ದಾರಿಯೆಲ್ಲ ಕೈಯಲ್ಲೇ ನೆನಪಿತ್ತು. ಸ್ವಲ್ಪ ಹೊತ್ತಿಗೆ ಸಿಳ್ಳೆ ಹಾಕತೊಡಗಿದ. ಎಷ್ಟೋ ಕಾಲದ ಮೇಲೆ ಅಕ್ಕ ತಮ್ಮ ಒಂದು ಕೆಲಸವನ್ನು ಕೂಡಿ ಮಾಡುತ್ತಿದ್ದರು.

ಇದ್ದಕ್ಕಿದ್ದಂತೆ ಸಿಳ್ಳೆ ನಿಂತಿತು. ಅವನು ಇಳಿದು ಬಂದು ಚಕ್ರದ ಕೆಳಗೆ ಬಗ್ಗಿ ನೋಡಿದ. "ಅಕ್ಕ, ಒಂದು ಹೋಯ್ತು ಕಣೇ."

ಹಳದಿ ಹೊಟ್ಟೆ ಮೇಲಾಗಿ ಬಿದ್ದಿತ್ತು. ಅವಳು ಅದನ್ನು ಬೆರಳಲ್ಲಿ ಎತ್ತಿ ಪೊದೆಯೊಳಗೆ ಎಸೆದಳು. "ನಡಿ" ಅಂದಳು. ದನಿ ಅವಳದೇ ಅನ್ನಿಸಲಿಲ್ಲ.

ಗಣಿಯ ಗೋಡೆಯಾಚೆ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಯಾರೋ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದರು. ಹಸಿರಿನ ಮೇಲೆ ಪ್ರೀತಿ ಇದ್ದವರೇ, ಕೆಟ್ಟವರಲ್ಲ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ನೋಡಿತು: ಸಂರಕ್ಷಿತ ಜಾಗದಲ್ಲಿ ಟ್ಯಾಂಕರ್ ಹೊಲಸು ನೀರು ಸುರಿಯಲು ಬಂದಿದೆಯಂತೆ. ಕಪ್ಪೆಯಕ್ಕ ಬಗ್ಗಿಯೇ ಇದ್ದುದರಿಂದ ಚಿತ್ರದಲ್ಲಿ ಪೊದೆ ಮಾತ್ರ ಕಂಡಿತು. ಟ್ಯಾಂಕರಿನ ನಂಬರ್ ಸ್ವಚ್ಛವಾಗಿ ಕಂಡಿತು. ಸಂಜೆಗೆ ಸಂಸ್ಥೆಯೇ ಪೊಲೀಸರಿಗೆ ದೂರು ಕೊಟ್ಟಿತು.

"ಕರೆದದ್ದು ನಾನು ಸರ್" ಅಂದಳು ಅವಳು, ನಿರ್ದೇಶಕರ ಮುಂದೆ ನಿಂತು.

"ನಾನು ಕೇಳಿಸ್ಕೊಳ್ಳಲಿಲ್ಲ. ನೀವು ಹೇಳಲಿಲ್ಲ." ಅವರು ಬಾಗಿಲು ಮುಚ್ಚಿ ಬಂದರು. ಬೈಯಲಿಲ್ಲ, ಮೆತ್ತಗೆ ಮಾತಾಡಿದರು. ಬೈದಿದ್ದರೆ ವಾಸಿ ಇತ್ತು. "ತಾತನಿಗೂ ಸುಮ್ಮನಿರು ಅಂತ ಹೇಳಿದ್ದೀನಿ. ನೀವು ಹೋಗಿ ಒಪ್ಕೊಂಡ್ರೆ ನಾಳೆಯಿಂದ ಗೇಟೊಳಗೆ ಕಾಲಿಡೋ ಹಾಗಿಲ್ಲ. ಆಮೇಲೆ ಆ ಗುಂಡಿಗಳನ್ನ ಯಾರು ನೋಡ್ತಾರೆ? ನಾನಾ?"

ಅವತ್ತು ರಾತ್ರಿಯೇ ಮಳೆ ಹೊಡೆಯಿತು. ಬೆಳಗ್ಗೆ ಹೋಗಿ ನೋಡಿದರೆ ಟ್ಯಾಂಕರ್ ಮಾಡಿದ ಗುಂಡಿಗಳೆಲ್ಲ ತುಂಬಿ, ಒಂದೊಂದರ ಅಂಚಿನಲ್ಲೂ ಆ ಸಣ್ಣ ದನಿ. ಎಲ್ಲಿ ಅಡಗಿದ್ದವೋ ಮುದುಕ ಮುದುಕಿಯರು, ಎಲ್ಲ ಬಂದು ಕೂತಿದ್ದವು. ವಾರದೊಳಗೆ ಗೊದಮೊಟ್ಟೆ. ಅವಳು ಹಗಲೆಲ್ಲ ಅಲ್ಲೇ ಇದ್ದು, ದೊಡ್ಡ ಕಪ್ಪೆಗಳನ್ನು ಹಿಡಿದು ಆಚೆ ಬಿಡುತ್ತ, ನೀರು ಇಳಿದ ಗುಂಡಿಗೆ ನೀರು ಹೊಯ್ಯುತ್ತ, ಮನಸ್ಸಿಗೆ ಹೇಳಿಕೊಂಡಳು: ಇವಕ್ಕೆ ಹಿಂಗಾಲು ಬರಲಿ, ಠಾಣೆಗೆ ಹೋಗಿ ಹೇಳುತ್ತೇನೆ. ಹಿಂಗಾಲು ಬಂತು. ಮುಂಗಾಲೂ ಬರಲಿ ಅಂದುಕೊಂಡಳು. ಬಾಲ ಉದುರಲಿ ಅಂದುಕೊಂಡಳು. ಒಂದು ದಿನ ಉಗುರಿನಷ್ಟು ಮರಿಕಪ್ಪೆಗಳು ನೀರು ಬಿಟ್ಟು ಮಣ್ಣಿನ ಮೇಲೆ ಕುಪ್ಪಳಿಸಿದವು. ಅವಳು ಅಲ್ಲೇ ಕೂತು ಅತ್ತಳು. ಯಾತಕ್ಕೆ ಅಂತ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಠಾಣೆಗೆ ಹೋದಾಗ ಅಲ್ಲಿದ್ದವರು ಕಡತ ನೋಡಿ, "ಅದು ಮುಗೀತಲ್ಲ. ಡ್ರೈವರ್ ತಾನೇ ಒಪ್ಕೊಂಡ. ದಾರಿ ತಪ್ಪಿ ನುಗ್ಗಿಸಿದೆ ಅಂದ. ದಂಡ ಕಟ್ಟಿದ" ಅಂದರು.

"ಜೊತೆಗೆ ಬೇರೆಯವರಿದ್ರು ಅಂತ ಹೇಳಲಿಲ್ವಾ?"

"ಒಬ್ನೇ ಇದ್ದೆ ಅಂದ."

ಅವಳು ಅಲ್ಲಿಂದ ನೇರ ತಮ್ಮನ ಮನೆಗೆ ನಡೆದಳು. ತಮ್ಮನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಟ್ಯಾಂಕರ್ ಓನರ್ ಕೆಲಸದಿಂದ ಬಿಡಿಸಿಬಿಟ್ಟ, ಕೇಸ್ ಇರೋನು ಬೇಡ ಅಂತ. ಇನ್ನು ಯಾರೂ ಗಾಡಿ ಕೊಡಲ್ಲ. ಒಂದೇ ಕಪ್ಪೆಗೆ ಎರಡು ಸಲ ಮನೆ ಮುಳುಗಿದ್ದು ನಮ್ಮದೇ ಇರಬೇಕು ಅತ್ತಿಗೆ."

"ನಾನು ಠಾಣೆಗೆ ಹೋಗಿದ್ದೆ. ಈಗ ತಾನೇ..."

"ಈಗ ತಾನೇ." ಆಕೆ ದನಿ ಎತ್ತರಿಸಲಿಲ್ಲ. "ಕಪ್ಪೆ ಮರಿಗೆ ಕಾಲು ಬರೋವರೆಗೂ ನಿಮಗೆ ಬಾಯಿ ಬರಲಿಲ್ಲ."

ಒಳಗಿಂದ ತಮ್ಮ, "ಬಿಡೇ, ಒಳಗೆ ಬರಲಿ" ಅಂದ. ಅವನು ಗೋಡೆಗೆ ಒರಗಿ ಕೂತಿದ್ದ. "ಬದುಕಿದ್ವಾ?"

"ಬದುಕಿವೆ. ತುಂಬಾ ಇವೆ."

"ಹಂಗಾದ್ರೆ ಸಾರ್ಥಕ ಆಯ್ತು ಅನ್ನು." ಅವನ ಮುಖದಲ್ಲಿ ಕುಹಕ ಇರಲಿಲ್ಲ. ಅದೇ ಅವಳಿಗೆ ತಡೆಯದಾಯಿತು. "ಮುಂದಿನ ವರ್ಷ? ಈ ಗುಂಡೀನೂ ತುಂಬಿಹೋಗುತ್ತಲ್ಲ?"

ಅವಳು ಹೇಳಲೇಬೇಕಾಯಿತು. ಅಂದು ಬೆಳಗ್ಗೆಯಷ್ಟೇ ನಿರ್ದೇಶಕರು ಮರಿಗಳನ್ನು ನೋಡಿ, ಬೆನ್ನು ತಟ್ಟಿ, ಪ್ರತಿ ವರ್ಷ ಮಳೆಗೆ ಮುಂಚೆ ಗಣಿಯಲ್ಲಿ ಭಾರದ ಲಾರಿ ಓಡಿಸುವುದು ಅಂತ ತೀರ್ಮಾನ ಮಾಡಿದ್ದರು. ಸಂಸ್ಥೆಯದೇ ಹೊಸ ಯೋಜನೆ, ಸಂಸ್ಥೆಯದೇ ಹೆಸರು. ಕೆಲಸದ ಗುತ್ತಿಗೆ ಗಣಿಯ ಹಳೇ ಮಾಲೀಕನಿಗೆ. ಅಷ್ಟು ಭಾರದ ಗಾಡಿಗಳು ಇರುವುದು ಅವನ ಹತ್ತಿರವೇ.

ತಮ್ಮ ಕೇಳುತ್ತ ಕೂತ. ಮೊದಲ ದಿನದ ಹಾಗೆ ನಗುತ್ತಾನೇನೋ ಅಂದುಕೊಂಡಳು. ನಗಲಿಲ್ಲ.

"ಅವನಿಗೆ ಡ್ರೈವರ್ ಬೇಕಾಗುತ್ತಲ್ಲ ಅಕ್ಕ" ಅಂದ. "ಆ ದಾರಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನೊಂದು ಮಾತು ಹೇಳಿದ್ರೆ..."

"ಹೇಳಿದೆ. ಗಣಿಯೊಳಗೆ ಅಕ್ರಮವಾಗಿ ಗಾಡಿ ನುಗ್ಗಿಸಿದ ಕೇಸ್ ಇರೋರನ್ನ ತಗೋಬಾರದು ಅಂತ ಕರಾರಿದೆಯಂತೆ."

ಹೊರಗೆ ತಮ್ಮನ ಹೆಂಡತಿ ಲಾರಿಯ ಹಗ್ಗದಿಂದ ಬಟ್ಟೆ ಎಳೆದು ಎಳೆದು ತೆಗೆಯುತ್ತಿದ್ದಳು. ತಮ್ಮ ಎದ್ದು, ಅಕ್ಕನಿಗೆ ಕುಡಿಯಲು ಒಂದು ಲೋಟ ನೀರು ತಂದು ಕೊಟ್ಟ. ಬಾಯಾರಿಕೆ ಇಲ್ಲದಿದ್ದರೂ ಅವಳು ಅದನ್ನು ಪೂರ್ತಿ ಕುಡಿದಳು. ಲೋಟ ವಾಪಸ್ಸು ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

"ಕತ್ತಲಾಗೋ ಮುಂಚೆ ಹೊರಡು" ಅಂದ. "ನಾಳೆ ಬೆಳಗ್ಗೆ ನಾನು ಬೇಗ ಏಳ್ಬೇಕು. ಸರ್ಕಲ್‌ನಲ್ಲಿ ಮುಂದೆ ನಿಂತೋರನ್ನೇ ಮೊದಲು ಕರಿಯೋದು."